ವಾಹನದ ಎ.ಸಿ. ಬಿಸಿಗಾಳಿ ಬೀಸಿದರೆ: ಗ್ಯಾಸು ತುಂಬಿಸುವ ಮೊದಲು ನೋಡಬೇಕಾದ ಸಂಗತಿಗಳು

ಘಟ್ಟದ ಮೇಲಿನ ಬೆಳೆಗಾರರು ಬೆಂಗಳೂರಿಗೆ ಬರುವ ದಾರಿಗಳು ಮುಖ್ಯವಾಗಿ ಎರಡು. ಚಿಕ್ಕಮಗಳೂರು, ಹಾಸನ, ಶಿವಮೊಗ್ಗದ ಕಡೆಯವರು ನೆಲಮಂಗಲದ ಮೇಲೆ ತುಮಕೂರು ರಸ್ತೆ ಹಿಡಿದು, ಗೊರಗುಂಟೆಪಾಳ್ಯ, ಯಶವಂತಪುರ ದಾಟಿ ಮಲ್ಲೇಶ್ವರವನ್ನು ಸೇರುತ್ತಾರೆ. ಕೊಡಗಿನವರು ಮೈಸೂರು ರಸ್ತೆಯಲ್ಲಿ ಬಂದು ಸಿರ್ಸಿ ವೃತ್ತದ ಬಳಿ ಚಾಮರಾಜಪೇಟೆಗೆ ತಿರುಗುತ್ತಾರೆ. ಪುತ್ತೂರು, ಸುಳ್ಯದವರು ಅನುಕೂಲ ನೋಡಿಕೊಂಡು ಎರಡರಲ್ಲಿ ಒಂದನ್ನು ಹಿಡಿಯುತ್ತಾರೆ. ದಾರಿ ಯಾವುದಾದರೂ ಬೇಸಗೆಯಲ್ಲಿ ಕೇಳಿಬರುವ ದೂರು ಮಾತ್ರ ಒಂದೇ. ಹೆದ್ದಾರಿಯುದ್ದಕ್ಕೂ ತಣ್ಣಗೆ ಬೀಸುತ್ತಿದ್ದ ಎ.ಸಿ., ಪೇಟೆಯ ಸಂದಣಿಗೆ ಸಿಕ್ಕಿ ವಾಹನ ನಿಂತು ನಿಂತು ಚಲಿಸತೊಡಗಿದ ಕೂಡಲೇ ಬಿಸಿಗಾಳಿ ಬೀಸುತ್ತದೆ. ಸಂಪಿಗೆ ರಸ್ತೆ ತಲುಪುವಷ್ಟರಲ್ಲಿ ಗಾಜು ಇಳಿಸಿ ಕೂರುವ ಪರಿಸ್ಥಿತಿ.

ಇಂತಹ ಸಂದರ್ಭದಲ್ಲಿ ನಮ್ಮಲ್ಲಿ ಬಹುಮಂದಿ ಮಾಡುವ ತೀರ್ಮಾನ ಒಂದೇ: "ಗ್ಯಾಸು ಮುಗಿದಿದೆ, ತುಂಬಿಸಿದರೆ ಸರಿಹೋಗುತ್ತದೆ." ರಿಪೇರಿ ಅಂಗಡಿಯಲ್ಲಿಯೂ "ಗ್ಯಾಸ್ ಕಮ್ಮಿ ಐತೆ ಸಾರ್, ಒಂದು ಟಾಪಪ್ ಹೊಡೀತೀನಿ" ಎಂಬ ಮಾತು ಸಿದ್ಧವಾಗಿರುತ್ತದೆ. ಹಣ ಕೊಟ್ಟು ಊರಿಗೆ ಮರಳಿದರೆ, ಒಂದು ತಿಂಗಳೋ ಎರಡು ತಿಂಗಳೋ ಕಳೆದು ಮತ್ತೆ ಅದೇ ಕಥೆ. ಮೇಲೆ ಹೇಳಿದ ದೂರಿಗಂತೂ ಹೆಚ್ಚಿನ ಸಂದರ್ಭಗಳಲ್ಲಿ ಗ್ಯಾಸು ಕಾರಣವೇ ಅಲ್ಲ. ಕಾರಣವನ್ನು ಕಂಡುಕೊಳ್ಳುವ ಕ್ರಮ ಕಷ್ಟದ್ದೂ ಅಲ್ಲ. ಪಂಪ್‌ಸೆಟ್ಟು, ಔಷಧಿ ಹೊಡೆಯುವ ಯಂತ್ರ, ಪಲ್ಪರ್ ಇವುಗಳ ಸಹವಾಸವಿರುವ ಬೆಳೆಗಾರನಿಗೆ ಅರ್ಧ ಗಂಟೆಯ ಕೆಲಸ.

ತಂಪು ಬರುವುದು ಹೇಗೆ?

ಮೊದಲು ಯಂತ್ರದ ಗುಟ್ಟನ್ನು ತಿಳಿಯೋಣ. ಎ.ಸಿ. ತಂಪನ್ನು ಹುಟ್ಟಿಸುವುದಿಲ್ಲ. ವಾಹನದ ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ, ಅಷ್ಟೆ. ಹೊರುವ ಕೂಲಿಯಾಳು ಎಂದರೆ ಗ್ಯಾಸು.

ಯಾವುದೇ ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಅಂಗೈ ಮೇಲೆ ಸ್ಪಿರಿಟ್ ಹಾಕಿದಾಗ ತಣ್ಣಗಾಗುವುದು ಇದರಿಂದಲೇ; ಮಣ್ಣಿನ ಹೂಜಿಯ ನೀರು ತಂಪಾಗಿರುವುದೂ ಇದರಿಂದಲೇ. ಇನ್ನೊಂದು ಸಂಗತಿ ಘಟ್ಟದವರಿಗೆ ಅನುಭವದಿಂದ ಗೊತ್ತು. ಮಂಗಳೂರಿನಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿದರೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 97ಕ್ಕೆ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆಗೆ. ಒತ್ತಡ ಇಳಿದಂತೆ ಕುದಿಯುವ ಶಾಖಮಟ್ಟವೂ ಇಳಿಯುತ್ತದೆ, ಒತ್ತಡ ಏರಿದರೆ ಅದೂ ಏರುತ್ತದೆ. ಪ್ರೆಶರ್ ಕುಕ್ಕರಿನಲ್ಲಿ ಬೇಳೆ ಬೇಗ ಬೇಯುವುದು ಇದೇ ಕಾರಣಕ್ಕೆ. ಎ.ಸಿ.ಯ ಇಡೀ ವಿದ್ಯೆ ಈ ಎರಡು ಮಾತುಗಳಲ್ಲಿ ಅಡಗಿದೆ.

ಈಗ ರಸ್ತೆಯ ಮೇಲಿರುವ ವಾಹನಗಳಲ್ಲಿ ಹೆಚ್ಚಿನವುಗಳಲ್ಲಿರುವ ಗ್ಯಾಸಿನ ಹೆಸರು ಆರ್-134ಎ. ಬಯಲಿನಲ್ಲಿ ಬಿಟ್ಟರೆ ಇದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿದು ಆವಿಯಾಗುತ್ತದೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಈ ಆವಿಯನ್ನು ಒತ್ತಿ, ಬಿಸಿಮಾಡಿ, ಮುಂಭಾಗದ ಕಂಡೆನ್ಸರಿಗೆ ಕಳುಹಿಸುತ್ತದೆ. ರೇಡಿಯೇಟರಿನ ಮುಂದೆ ಇನ್ನೊಂದು ರೇಡಿಯೇಟರಿನಂತೆ ಕಾಣುವ ಜಾಲರಿಯೇ ಕಂಡೆನ್ಸರ್. ಅಲ್ಲಿ ಹೊರಗಿನ ಗಾಳಿ ತಾಗಿ, ಒತ್ತಡದಲ್ಲಿರುವ ಆವಿ ಶಾಖವನ್ನು ಕಳೆದುಕೊಂಡು ದ್ರವವಾಗುತ್ತದೆ. ಆ ದ್ರವ ಡ್ರೈಯರ್ ಎಂಬ ಪುಟ್ಟ ಬಾಟಲಿಯ ಮೂಲಕ ಹಾದು, ಎಕ್ಸ್‌ಪ್ಯಾನ್ಶನ್ ವಾಲ್ವ್ ಎಂಬ ಸಣ್ಣ ಕಂಡಿಗೆ ಬರುತ್ತದೆ. ಔಷಧಿ ಹೊಡೆಯುವ ಪಂಪಿನ ನಾಜಲ್ ನೆನಪಿಸಿಕೊಳ್ಳಿ: ಹಿಂದೆ ಒತ್ತಡ, ಮುಂದೆ ಸಡಿಲ. ಸಡಿಲವಾದ ಕಡೆ, ಡ್ಯಾಶ್‌ಬೋರ್ಡಿನ ಒಳಗಿನ ಕೂಲಿಂಗ್ ಕಾಯಿಲಿನಲ್ಲಿ, ದ್ರವ ಕುದಿದು ಆವಿಯಾಗುತ್ತ ಸೊನ್ನೆ ಡಿಗ್ರಿಯ ಆಸುಪಾಸಿಗೆ ತಣಿಯುತ್ತದೆ. ಬ್ಲೋವರ್ ಅದರ ಮೇಲೆ ಗಾಳಿ ಹಾಯಿಸುತ್ತದೆ. ತಂಪುಗಾಳಿ ನಮ್ಮ ಮುಖಕ್ಕೆ ಬರುತ್ತದೆ. ಆವಿ ಮರಳಿ ಕಂಪ್ರೆಸರಿಗೆ.

ಇಲ್ಲಿ ಗಮನಿಸಬೇಕಾದದ್ದು, ಈ ಸುತ್ತಿನಲ್ಲಿ ಗ್ಯಾಸು ಎಲ್ಲಿಯೂ ಖರ್ಚಾಗುವುದಿಲ್ಲ. ಇದು ಡೀಸೆಲ್ ಅಲ್ಲ. ಹಲವು ವರ್ಷಗಳಲ್ಲಿ ರಬ್ಬರ್ ಕೊಳವೆ, ಸೀಲುಗಳ ಮೂಲಕ ಅಲ್ಪಸ್ವಲ್ಪ ಜಿನುಗಬಹುದೇ ಹೊರತು, ವರ್ಷಕ್ಕೊಮ್ಮೆ ತುಂಬಿಸಬೇಕಾದ ವಸ್ತುವಲ್ಲ. ಪ್ರತಿ ಬೇಸಗೆಗೂ ತುಂಬಿಸಬೇಕಾಗುತ್ತಿದೆ ಎಂದಾದರೆ ಎಲ್ಲಿಯೋ ಸೋರಿಕೆ ಇದೆ ಎಂದೇ ಅರ್ಥ. ಕೆರೆಯ ಕಟ್ಟೆ ಒಡೆದಿರುವಾಗ ನೀರು ಹಾಯಿಸಿ ಏನು ಪ್ರಯೋಜನ?

ಸೋರುವುದು ಗ್ಯಾಸು ಮಾತ್ರವೂ ಅಲ್ಲ. ಕಂಪ್ರೆಸರಿನ ಒಳಭಾಗಗಳಿಗೆ ಎಣ್ಣೆ ತಲುಪುವುದು ಗ್ಯಾಸಿನ ಸಂಗಡ ಹರಿದು. ಗ್ಯಾಸು ಕಡಿಮೆಯಾದರೆ ಎಣ್ಣೆಯ ಪ್ರಸಾರವೂ ಕುಂದುತ್ತದೆ, ಸೋರುವ ಜಾಗದಲ್ಲಿ ಎಣ್ಣೆಯೂ ಹೊರಬೀಳುತ್ತದೆ. ಎಣ್ಣೆಯಿಲ್ಲದೆ ತಿರುಗಿದ ಕಂಪ್ರೆಸರ್ ಸವೆದು ಜಾಮ್ ಆದರೆ, ಲೋಹದ ಪುಡಿ ಇಡೀ ಕೊಳವೆ ಜಾಲಕ್ಕೆ ಹರಡಿ ಕಂಡೆನ್ಸರ್, ವಾಲ್ವುಗಳನ್ನೂ ಕೆಡಿಸುತ್ತದೆ. ಕೆಲವು ಹತ್ತು ರೂಪಾಯಿಯ ಓ-ರಿಂಗ್ ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸ ಹತ್ತಾರು ಸಾವಿರಕ್ಕೆ ಹೋಗಿ ನಿಲ್ಲುವುದು ಹೀಗೆ.

ಯಾವಾಗ ಬಿಸಿ, ಯಾವಾಗ ತಂಪು ಎಂಬುದೇ ಮುಖ್ಯ ಸುಳಿವು

ವೈದ್ಯರು ಜ್ವರ ಯಾವ ಹೊತ್ತಿಗೆ ಬರುತ್ತದೆಂದು ಕೇಳುವಂತೆ, ಇಲ್ಲಿಯೂ ಬಿಸಿಗಾಳಿ ಯಾವ ಸಂದರ್ಭದಲ್ಲಿ ಎಂದು ಮೊದಲು ನೋಡಿಕೊಳ್ಳಬೇಕು.

ಆರಂಭದಲ್ಲಿ ಹೇಳಿದ ದೂರನ್ನೇ ತೆಗೆದುಕೊಳ್ಳೋಣ. ಓಡುವಾಗ ತಂಪು, ನಿಂತಾಗ ಬಿಸಿ. ವಾಹನ 60-70 ಕಿಲೋಮೀಟರ್ ವೇಗದಲ್ಲಿ ಓಡುವಾಗ ಕಂಡೆನ್ಸರಿಗೆ ಎದುರುಗಾಳಿ ತಾನಾಗಿಯೇ ಬಡಿಯುತ್ತದೆ. ನಿಂತಾಗ ಆ ಗಾಳಿಯನ್ನು ಒದಗಿಸಬೇಕಾದದ್ದು ಫ್ಯಾನು. ಫ್ಯಾನು ತಿರುಗದಿದ್ದರೆ, ಅಥವಾ ಕಂಡೆನ್ಸರ್ ಕಸ ಕಟ್ಟಿಕೊಂಡಿದ್ದರೆ, ಒಳಗಿನಿಂದ ಹೊತ್ತು ತಂದ ಶಾಖವನ್ನು ಇಳಿಸಲು ಜಾಗವಿಲ್ಲದೆ ಆವಿ ಆವಿಯಾಗಿಯೇ ಉಳಿಯುತ್ತದೆ. ಹೆದ್ದಾರಿಯಲ್ಲಿ ಸರಿಯಿದ್ದುದು ಯಶವಂತಪುರದಲ್ಲೋ ಸಿರ್ಸಿ ವೃತ್ತದಲ್ಲೋ ಕೆಡುವುದರ ಗುಟ್ಟು ಇದು. ಎಂಜಿನ್ ನಿಧಾನಗತಿಯಲ್ಲಿರುವಾಗ ಕಂಪ್ರೆಸರಿನ ವೇಗವೂ ಕಡಿಮೆಯಿರುತ್ತದೆ ಎಂಬುದು ನಿಜ. ಆದರೆ ಸರಿಯಿರುವ ಎ.ಸಿ. ನಿಂತಾಗ ತುಸು ಮಂದವಾಗಬಹುದೇ ಹೊರತು ಬಿಸಿಗಾಳಿ ಬೀಸುವುದಿಲ್ಲ.

ಪರೀಕ್ಷೆ ಸುಲಭ. ವಾಹನವನ್ನು ಬಯಲಿನಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ, ಎ.ಸಿ. ಹಾಕಿ ಬಾನೆಟ್ ಎತ್ತಿ. ಮುಚ್ಚಿದ ಶೆಡ್ಡಿನೊಳಗೆ ಖಂಡಿತ ಬೇಡ, ಹೊಗೆ ಪ್ರಾಣಕ್ಕೆ ಅಪಾಯ. ಉಟ್ಟ ಪಂಚೆಯ ಅಂಚು, ಹೆಗಲ ಮೇಲಿನ ಟವೆಲು, ಹೆಂಗಸರಾದರೆ ಸೆರಗು ಬೆಲ್ಟಿನ ಹತ್ತಿರ ಸುಳಿಯದಂತೆ ಎಚ್ಚರ ವಹಿಸಬೇಕು. ಫ್ಯಾನು ಯಾವ ಕ್ಷಣದಲ್ಲಾದರೂ ಹೊರಡಬಹುದಾದ್ದರಿಂದ ಕೈ ಒಳಹಾಕಬಾರದು. ಎ.ಸಿ. ಹಾಕಿದ ಕೆಲವೇ ಕ್ಷಣಗಳಲ್ಲಿ ಹೆಚ್ಚಿನ ವಾಹನಗಳಲ್ಲಿ ವಿದ್ಯುತ್ ಫ್ಯಾನು ತಿರುಗತೊಡಗಬೇಕು. ತಿರುಗದಿದ್ದರೆ ಫ್ಯೂಸು, ರಿಲೇ, ತಂತಿ, ಮೋಟಾರು ಇವುಗಳಲ್ಲಿ ಒಂದು ಕೆಟ್ಟಿದೆ. ಎಂಜಿನ್ನಿಗೇ ಜೋಡಿಸಿದ ಫ್ಯಾನಿರುವ ಹಳೆಯ ಮಾದರಿಯ ಜೀಪುಗಳಲ್ಲಿ ಫ್ಯಾನಿನ ನಡುವಿನ ಜಾರುವ ಕ್ಲಚ್ಚು ಸಡಿಲಗೊಂಡಿರಬಹುದು. ಇವೆಲ್ಲವೂ ಎಲೆಕ್ಟ್ರಿಷಿಯನ್ನನ ಅಥವಾ ಊರ ಮೆಕ್ಯಾನಿಕ್ಕನ ಕೆಲಸ. ಇದಕ್ಕೆ ಗ್ಯಾಸು ತುಂಬಿಸಿದರೆ ಒತ್ತಡ ಇನ್ನೂ ಏರಿ ಕಂಪ್ರೆಸರಿಗೆ ಹಾನಿಯೇ ಆದೀತು.

ಫ್ಯಾನು ಸರಿಯಿದ್ದರೆ ಟಾರ್ಚು ಹಿಡಿದು ಕಂಡೆನ್ಸರನ್ನು ನೋಡಿ. ನಮ್ಮ ವಾಹನಗಳ ಕಂಡೆನ್ಸರ್ ಪೇಟೆಯ ವಾಹನಗಳಂತಲ್ಲ. ತೋಟದ ಕೆಸರು, ಒಣಗಿದ ಹುಲ್ಲು, ಅಡಿಕೆ ಸಿಪ್ಪೆಯ ನಾರು, ಕಾಫಿ ಹೊಟ್ಟಿನ ಧೂಳು, ರಾತ್ರಿ ಘಾಟಿಯಲ್ಲಿ ಬಡಿದ ಹುಳುಹುಪ್ಪಟೆ ಎಲ್ಲವೂ ಅಲ್ಲಿ ಜಮೆಯಾಗಿರುತ್ತದೆ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಕಟ್ಟಿಕೊಂಡ ಕಸವಂತೂ ಮುಂದಿನಿಂದ ಕಾಣುವುದೇ ಇಲ್ಲ. ಎಂಜಿನ್ ಆರಿದ ಮೇಲೆ, ಸಾಧಾರಣ ಕೊಳವೆ ನೀರನ್ನು ನಿಧಾನವಾಗಿ, ಸಾಧ್ಯವಾದಷ್ಟು ಒಳಗಿನಿಂದ ಹೊರಕ್ಕೆ ಹಾಯಿಸಿ ತೊಳೆಯಬೇಕು. ಸರ್ವಿಸ್ ಸ್ಟೇಷನ್ನಿನ ಬಿರುಸು ನೀರಿನ ಗನ್ನನ್ನಾಗಲಿ, ಔಷಧಿ ಹೊಡೆಯುವ ಪವರ್ ಪಂಪನ್ನಾಗಲಿ ಹತ್ತಿರ ಹಿಡಿದರೆ, ಕಾಗದದಷ್ಟು ತೆಳುವಾದ ಅಲ್ಯೂಮಿನಿಯಂ ಎಲೆಗಳು ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಶಿರಾಡಿಯನ್ನೋ ಚಾರ್ಮಾಡಿಯನ್ನೋ ಹತ್ತುವಾಗ ಎ.ಸಿ. ಹಠಾತ್ತನೆ ಬಿಸಿಯಾದರೆ, ಮೊದಲು ಕಣ್ಣು ಹಾಯಿಸಬೇಕಾದದ್ದು ಎಂಜಿನ್ನಿನ ಶಾಖಸೂಚಕದ ಮೇಲೆ. ಎಂಜಿನ್ ಅತಿಯಾಗಿ ಕಾದಾಗ ಕಂಪ್ರೆಸರನ್ನು ತಾನಾಗಿಯೇ ನಿಲ್ಲಿಸುವ ಏರ್ಪಾಡು ಅನೇಕ ವಾಹನಗಳಲ್ಲಿದೆ. ಆಗ ಬಿಸಿಗಾಳಿ ಎಂಬುದು ಎ.ಸಿ.ಯ ರೋಗವಲ್ಲ, ಎಂಜಿನ್ನಿನ ಎಚ್ಚರಿಕೆ. ಬದಿಗೆ ನಿಲ್ಲಿಸಿ, ಪೂರ್ತಿ ಆರುವವರೆಗೆ ರೇಡಿಯೇಟರಿನ ಮುಚ್ಚಳವನ್ನು ಮುಟ್ಟದೆ ಕಾಯತಕ್ಕದ್ದು.

ಉಳಿದ ಲಕ್ಷಣಗಳು

ಗಾಳಿಯೇ ಬರುವುದಿಲ್ಲ ಅಥವಾ ತೀರ ಮಂದ ಎಂದಾದರೆ, ತೊಂದರೆ ಬ್ಲೋವರಿನಲ್ಲೋ ಕ್ಯಾಬಿನ್ ಫಿಲ್ಟರಿನಲ್ಲೋ ಇರುತ್ತದೆ. ಹೆಚ್ಚಿನ ಹೊಸ ವಾಹನಗಳಲ್ಲಿ ಈ ಫಿಲ್ಟರ್ ಎಡಗಡೆಯ ಗೂಡಿನ ಹಿಂದೆ ಇದ್ದು, ಕೈಯಲ್ಲೇ ಹೊರತೆಗೆಯಬಹುದು. ಮಲ್ಲೇಶ್ವರ, ಬಸವನಗುಡಿಯ ಅಡ್ಡರಸ್ತೆಗಳಲ್ಲಿ ಬಂಧುಗಳ ಮನೆಯೆದುರು ಮರದಡಿ ವಾಹನ ನಿಲ್ಲಿಸುವವರು ಇದನ್ನು ವಿಶೇಷವಾಗಿ ನೋಡಬೇಕು. ಏಪ್ರಿಲ್ ತಿಂಗಳಲ್ಲಿ ಹೊಂಗೆಯ ಹೂ ಅರಳು ಚೆಲ್ಲಿದಂತೆ ಉದುರುತ್ತದೆ. ನೋಡಲು ಚೆಂದ, ಆದರೆ ಮುಂದಿನ ಗಾಜಿನ ಬುಡದ ಸೀಳುಗಳಲ್ಲಿ ಇಳಿದು, ಗಾಳಿ ಒಳಬರುವ ದಾರಿಯನ್ನು ಮುಚ್ಚಿ, ಮಳೆ ಬಂದಾಗ ಕೊಳೆತು ವಾಸನೆ ಹಿಡಿಯುತ್ತದೆ. ರಾತ್ರಿಯೆಲ್ಲ ಮರದಡಿ ನಿಂತ ವಾಹನದ ಆ ಸೀಳುಗಳನ್ನು ಬೆಳಿಗ್ಗೆ ಕೈಯಿಂದ ಬಳಿದು ತೆಗೆದರೆ ಸಾಕು.

ಮೊದಲು ತಣ್ಣಗಿದ್ದು, ಒಂದು ಗಂಟೆಯ ಪ್ರಯಾಣದ ಬಳಿಕ ಗಾಳಿಯ ರಭಸ ಕುಗ್ಗುತ್ತ ಬಂದು ನಿಂತೇಹೋದರೆ, ಕೂಲಿಂಗ್ ಕಾಯಿಲಿನ ಮೇಲೆ ಮಂಜು ಗಟ್ಟಿಯಾಗಿದೆ ಎಂದು ತಿಳಿಯಬೇಕು. ಎ.ಸಿ. ಆರಿಸಿ ಬ್ಲೋವರ್ ಮಾತ್ರ ಹಾಕಿ ಹತ್ತು ಹದಿನೈದು ನಿಮಿಷ ಬಿಟ್ಟರೆ ಮಂಜು ಕರಗಿ ಕೆಳಗೆ ನೀರು ಸುರಿಯುತ್ತದೆ, ಗಾಳಿ ಮರಳಿ ಬರುತ್ತದೆ. ಮುಚ್ಚಿಹೋದ ಫಿಲ್ಟರ್ ಅಥವಾ ಕೆಟ್ಟ ಶಾಖಸಂವೇದಕ ಇದಕ್ಕೆ ಸಾಮಾನ್ಯ ಕಾರಣ. ಗಾಳಿಯ ರಭಸ ಕುಗ್ಗದೆ, ತಂಪು ಮಾತ್ರ ಆಗಾಗ ಬಂದು ಹೋಗುತ್ತಿದ್ದರೆ ಅದು ಬೇರೆ: ಕೊಳವೆಯೊಳಗೆ ನೀರಿನ ಪಸೆ ಸೇರಿ, ವಾಲ್ವಿನ ಸಣ್ಣ ಕಂಡಿಯಲ್ಲಿ ಮಂಜಾಗಿ ದಾರಿ ಕಟ್ಟುತ್ತಿದೆ. ಹಿಂದಿನ ಸಲ ಗ್ಯಾಸು ತುಂಬಿದವರು ವ್ಯಾಕ್ಯೂಮ್ ಸರಿಯಾಗಿ ಹಿಡಿಯದೆ ತುಂಬಿದ್ದರೆ ಹೀಗಾಗುವುದುಂಟು.

ಬೆಳಿಗ್ಗೆ ತಂಪು, ಎಂಜಿನ್ ಕಾದ ಮೇಲೆ ಬಿಸಿ ಎಂಬುದು ಇನ್ನೊಂದು ಬಗೆ. ಕಂಪ್ರೆಸರಿನ ಮುಂದೆ ವಿದ್ಯುತ್ತಿನಿಂದ ಅಂಟಿಕೊಳ್ಳುವ ಮ್ಯಾಗ್ನೆಟ್ ಕ್ಲಚ್ಚು ಇರುತ್ತದೆ. ಎ.ಸಿ. ಹಾಕಿದಾಗ "ಟಕ್" ಎಂದು ಕೇಳುವ ಸದ್ದು ಇದರದ್ದೇ. ಆಗ ಪುಲ್ಲಿಯ ಮುಂದಿನ ತಟ್ಟೆಯೂ ಪುಲ್ಲಿಯ ಜೊತೆ ತಿರುಗಬೇಕು. ವರ್ಷಗಟ್ಟಲೆ ಸವೆದು ತಟ್ಟೆಗೂ ಪುಲ್ಲಿಗೂ ನಡುವಿನ ಅಂತರ ಹೆಚ್ಚಿದ್ದರೆ, ಕಾದಾಗ ಶಕ್ತಿಗುಂದುವ ಆಯಸ್ಕಾಂತಕ್ಕೆ ತಟ್ಟೆಯನ್ನು ಎಳೆದುಕೊಳ್ಳಲಾಗುವುದಿಲ್ಲ. ಅಂತರವನ್ನು ಸರಿಪಡಿಸಿದರೆ ಅನೇಕ ಸಲ ಕೆಲಸ ಮುಗಿಯುತ್ತದೆ. ಇದಕ್ಕಾಗಿ ಇಡೀ ಕಂಪ್ರೆಸರನ್ನೇ ಬದಲಿಸಬೇಕು ಎಂದರೆ ಇನ್ನೊಬ್ಬರನ್ನು ಕೇಳುವುದು ಒಳ್ಳೆಯದು. ಕೆಲವು ಹೊಸ ವಾಹನಗಳಲ್ಲಿ ಈ ಕ್ಲಚ್ಚೇ ಇರುವುದಿಲ್ಲ ಎಂಬುದೂ ನೆನಪಿರಲಿ. ಅವುಗಳಲ್ಲಿ "ಟಕ್" ಸದ್ದಿಗಾಗಿ ಕಾಯುವುದು ವ್ಯರ್ಥ.

ಸದಾಕಾಲವೂ ಬಿಸಿಯಾಗಿದ್ದರೆ ಕೊಳವೆಗಳನ್ನು ಮುಟ್ಟಿ ನೋಡುವ ಪರೀಕ್ಷೆ ಬಲು ಉಪಯುಕ್ತ. ಎ.ಸಿ. ಐದು ನಿಮಿಷ ನಡೆದ ಮೇಲೆ, ಎಂಜಿನ್ ಆರಿಸಿ, ಕೂಡಲೇ ಬಾನೆಟ್ಟಿನ ಹಿಂಭಾಗದಲ್ಲಿ ಡ್ಯಾಶ್‌ಬೋರ್ಡಿನೊಳಗೆ ಹೋಗುವ ಎರಡು ಅಲ್ಯೂಮಿನಿಯಂ ಕೊಳವೆಗಳನ್ನು ಬೆರಳ ತುದಿಯಿಂದ ಮುಟ್ಟಿ ನೋಡಬೇಕು. ದಪ್ಪನೆಯದು ತಣ್ಣಗೆ, ಬೆವರಿದಂತೆ ಇರಬೇಕು, ಸಣ್ಣದು ಬೆಚ್ಚಗಿರಬೇಕು. ಕಂಪ್ರೆಸರಿನಿಂದ ಕಂಡೆನ್ಸರಿಗೆ ಹೋಗುವ ಕೊಳವೆ ಮಾತ್ರ ಕೈ ಸುಡುವಷ್ಟು ಕಾದಿರುತ್ತದೆ, ಅದರ ಗೊಡವೆ ಬೇಡ. ದಪ್ಪ ಕೊಳವೆ ತಣ್ಣಗಿದ್ದೂ ಒಳಗೆ ಬಿಸಿಗಾಳಿ ಬಂದರೆ, ಯಂತ್ರ ಸರಿಯಿದೆ, ಗ್ಯಾಸೂ ಇದೆ ಎಂದು ಹೆಚ್ಚುಕಡಿಮೆ ಹೇಳಿಬಿಡಬಹುದು. ಬಿಸಿ-ತಂಪು ಬೆರೆಸುವ ಮುಚ್ಚಳ ಹೀಟರಿನ ಕಡೆ ಸಿಕ್ಕಿಕೊಂಡಿದೆ, ಅಷ್ಟೆ. ಮಳೆಗಾಲದಲ್ಲಿ ಗಾಜಿನ ಮಂಜು ಬಿಡಿಸಲು ತಿರುಗಿಸಿದ ಗುಂಡಿ ಬೇಸಗೆಯವರೆಗೂ ಅರ್ಧ ಕೆಂಪಿನಲ್ಲೇ ನಿಂತಿರುವುದೂ ಉಂಟು! ಎರಡೂ ಕೊಳವೆಗಳು ಒಂದೇ ಹದದಲ್ಲಿದ್ದರೆ ಮಾತ್ರ ಕಂಪ್ರೆಸರ್ ಕೆಲಸ ಮಾಡುತ್ತಿಲ್ಲ ಅಥವಾ ಗ್ಯಾಸು ಇಲ್ಲ ಎಂಬ ಸಂಶಯಕ್ಕೆ ಬರಬೇಕು.

ಆಗಲೂ ಮೊದಲು ಫ್ಯೂಸು, ಬೆಲ್ಟು, ತಂತಿಗಳನ್ನು ನೋಡಿ. ತೋಟದ ಶೆಡ್ಡಿನಲ್ಲಿ ವಾರಗಟ್ಟಲೆ ನಿಲ್ಲುವ ವಾಹನಕ್ಕೆ ಇಲಿ, ಹೆಗ್ಗಣಗಳ ಕಾಟ ಹೇಳತೀರದು. ಅಡಿಕೆ, ಭತ್ತ, ಹಿಂಡಿಯ ಪಕ್ಕದಲ್ಲೇ ವಾಹನ ನಿಲ್ಲಿಸಿ ತಂತಿ ಕಡಿಯಬೇಡ ಎಂದರೆ ಅವು ಕೇಳಾವೆ? ಕಂಪ್ರೆಸರಿಗೆ ಹೋಗುವ ಒಂದೇ ತಂತಿ ತುಂಡಾದರೂ ಎ.ಸಿ. ಪೂರ್ತಿ ನಿಲ್ಲುತ್ತದೆ. ಸುಟ್ಟ ಫ್ಯೂಸಿನ ಜಾಗಕ್ಕೆ ಅದೇ ಆಂಪಿಯರಿನ ಫ್ಯೂಸನ್ನೇ ಹಾಕಬೇಕು. ತಂತಿ ಸುತ್ತಿ ಹಾಕುವುದು ಬೆಂಕಿಗೆ ಆಹ್ವಾನ.

ಮೈಲುತುತ್ತದ ವಿಷಯ

ಬೇರೆ ವಾಹನ ಮಾಲೀಕರಿಗೆ ಇಲ್ಲದ ಒಂದು ತೊಂದರೆ ನಮಗಿದೆ. ಬೋರ್ಡೋ ದ್ರಾವಣ ತಯಾರಿಸುವಾಗ ಚಾಕುವಿನ ಅಲಗನ್ನು ಅದ್ದಿ ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಅಲಗು ಕೆಂಪಾದರೆ ಸುಣ್ಣ ಸಾಲದು, ತಾಮ್ರ ಕಬ್ಬಿಣದ ಮೇಲೆ ಕೂರುತ್ತಿದೆ ಎಂದರ್ಥ. ತಾಮ್ರ ಕೂರುವಾಗ ಕಬ್ಬಿಣ ಕರಗುತ್ತದೆ. ಅಲ್ಯೂಮಿನಿಯಂ ಈ ವಿಷಯದಲ್ಲಿ ಕಬ್ಬಿಣಕ್ಕಿಂತಲೂ ಬಡಪಾಯಿ. ಮೈಲುತುತ್ತದ ನೀರು ತಾಗಿ ಹಾಗೆಯೇ ಉಳಿದರೆ ಸಣ್ಣ ಸಣ್ಣ ಗುಳಿಗಳು ಬಿದ್ದು, ಕಾಲಕ್ರಮದಲ್ಲಿ ತೂತಾಗುತ್ತದೆ. ಕಂಡೆನ್ಸರ್, ಅದರ ಕೊಳವೆಗಳು ಎಲ್ಲವೂ ತೆಳು ಅಲ್ಯೂಮಿನಿಯಂ.

ಆದ್ದರಿಂದ ಕೊಳೆರೋಗಕ್ಕೆ ಅಡಿಕೆಗೆ ಔಷಧಿ ಹೊಡೆಯುವಾಗಲೂ, ಕಾಫಿಗೆ ತುಕ್ಕುರೋಗದ ಸಿಂಪಡಣೆಯಾಗುವಾಗಲೂ, ವಾಹನವನ್ನು ಗಾಳಿಯ ಕೆಳಭಾಗದಲ್ಲಿ ನಿಲ್ಲಿಸಬಾರದು. ಪೀಪಾಯಿಗಳನ್ನು ವಾಹನದ ಮೂತಿಯ ಬಳಿ ತೊಳೆಯಬಾರದು. ಸಿಂಪಡಣೆ ಮುಗಿದ ದಿನ ಮುಂಭಾಗದ ಜಾಲರಿಗೆ ನಾಲ್ಕು ಕೊಡ ಒಳ್ಳೆಯ ನೀರು ಹಾಯಿಸಿದರೆ ಖರ್ಚು ಏನೂ ಇಲ್ಲ. ರಸಗೊಬ್ಬರದ ಚೀಲ ಸಾಗಿಸಿದ ಮೇಲೆ ಒಳಭಾಗವನ್ನು ಗುಡಿಸಿ ಒರೆಸುವುದೂ ಇದೇ ಕಾರಣಕ್ಕೆ ಲೇಸು. ಗೊಬ್ಬರದ ಪುಡಿ ತೇವ ಹೀರಿದರೆ ಲೋಹಕ್ಕೆ ಶತ್ರು.

ಜೆ. ಸಿ. ರಸ್ತೆಗೆ ಹೋದಾಗ

ಬೆಂಗಳೂರಿನ ಪುರಭವನದಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಜಯಚಾಮರಾಜೇಂದ್ರ ರಸ್ತೆ, ಅಂದರೆ ಜೆ. ಸಿ. ರಸ್ತೆ, ವಾಹನದ ಬಿಡಿಭಾಗಗಳ ಪೇಟೆ ಎಂದು ಎಲ್ಲರಿಗೂ ತಿಳಿದದ್ದೇ. ರವೀಂದ್ರ ಕಲಾಕ್ಷೇತ್ರ ಇರುವುದೂ ಇದೇ ರಸ್ತೆಯಲ್ಲಿ. ಚಾಮರಾಜಪೇಟೆ, ಬಸವನಗುಡಿಗಳಲ್ಲಿ ಉಳಿದುಕೊಂಡವರಿಗೆ ಹತ್ತಿರ. ಆಸ್ಪತ್ರೆ, ಮದುವೆ, ಮಕ್ಕಳ ಕಾಲೇಜು ಎಂದು ಬಂದವರು ಸಂದರ್ಭ ನೋಡಿಕೊಂಡು ವಾಹನದ ಕೆಲಸವನ್ನೂ ಇಲ್ಲಿ ಮುಗಿಸಿಕೊಳ್ಳುವುದು ವಾಡಿಕೆ. ಕೈಚಳಕವುಳ್ಳ ಕೆಲಸಗಾರರು ಇಲ್ಲಿನ ಗಲ್ಲಿಗಳಲ್ಲಿದ್ದಾರೆ. ಆದರೆ ಊರಿಗೆ ಮರಳುವ ಆತುರದಲ್ಲಿರುವ ಗಿರಾಕಿಗೆ ಬೇಗನೆ ಮುಗಿಯುವ ಕೆಲಸವನ್ನೇ ಮಾಡಿಕೊಡುವುದು ಯಾವ ಪೇಟೆಯಲ್ಲಾದರೂ ಸಹಜ. ಏನು ಕೇಳಬೇಕೆಂಬುದು ನಮಗೆ ಗೊತ್ತಿರಬೇಕು.

ಮೊದಲನೆಯದು ಸೋರಿಕೆ ಎಲ್ಲಿ ಎಂಬುದು. "ಟಾಪಪ್ ಆಮೇಲಪ್ಪ, ಲೀಕ್ ಎಲ್ಲಿದೆ ಅಂತ ಮೊದಲು ತೋರಿಸು" ಎಂದು ಧೈರ್ಯವಾಗಿ ಹೇಳಬಹುದು. ಕೊಳವೆಗಳ ಕೂಡುಭಾಗದಲ್ಲಿ ಎಣ್ಣೆಯ ಜಿಡ್ಡಿಗೆ ಧೂಳು ಹತ್ತಿ ಕಪ್ಪಾಗಿದ್ದರೆ ಅಲ್ಲಿ ಗ್ಯಾಸು ಹೊರಬಿದ್ದಿದೆ ಎಂಬುದಕ್ಕೆ ಅದೇ ಸಾಕ್ಷಿ. ಕಣ್ಣಿಗೆ ಕಾಣದ ಕಡೆ ಸಾಬೂನು ನೊರೆ, ನೈಟ್ರೋಜನ್ ಒತ್ತಡ, ಬಣ್ಣದ ದ್ರವ, ಎಲೆಕ್ಟ್ರಾನಿಕ್ ಪತ್ತೆಯಂತ್ರ ಮುಂತಾದ ಉಪಾಯಗಳಿವೆ. ಬೆಂಕಿಯ ಜ್ವಾಲೆ ಹಿಡಿದು ನೋಡುವ ಹಳೆಯ ಪದ್ಧತಿ ಮಾತ್ರ ಬೇಡವೇ ಬೇಡ. ಜ್ವಾಲೆಗೆ ಸಿಕ್ಕಿದ ಈ ಗ್ಯಾಸಿನಿಂದ ವಿಷಾನಿಲ ಹುಟ್ಟುತ್ತದೆ.

ಎರಡನೆಯದು ವ್ಯಾಕ್ಯೂಮ್. ಕೊಳವೆ ಬಿಚ್ಚಿದ ಮೇಲೆ ಒಳಸೇರಿದ ಗಾಳಿ ಮತ್ತು ಪಸೆಯನ್ನು ಪಂಪಿನಿಂದ ಎಳೆದು ತೆಗೆಯಬೇಕು. ಒತ್ತಡ ಇಳಿದರೆ ನೀರು ಕಡಿಮೆ ಶಾಖದಲ್ಲೇ ಕುದಿಯುತ್ತದೆ ಎಂದು ಆಗಲೇ ಹೇಳಿದೆಯಷ್ಟೆ. ಪೂರ್ಣ ವ್ಯಾಕ್ಯೂಮಿನಲ್ಲಿ ಒಳಗಿನ ಪಸೆ ಸಾಧಾರಣ ಹವೆಯಲ್ಲೇ ಆವಿಯಾಗಿ ಹೊರಬರುತ್ತದೆ. ಇದಕ್ಕೆ ಅರ್ಧ ಗಂಟೆಯಾದರೂ ಬೇಕು. ಪಂಪು ನಿಲ್ಲಿಸಿದ ಮೇಲೆ ಗೇಜಿನ ಮುಳ್ಳು ಹತ್ತು ಹದಿನೈದು ನಿಮಿಷ ಅಲುಗದೆ ನಿಲ್ಲುವುದನ್ನು ಕಣ್ಣಾರೆ ನೋಡಿಕೊಳ್ಳಿ. ಕೊಳವೆ ಜಾಲ ಬಹಳ ಹೊತ್ತು ತೆರೆದಿದ್ದರೆ ಡ್ರೈಯರನ್ನೂ ಬದಲಿಸುವುದು ಸರಿ. ಅದಕ್ಕೆ ತಗಲುವ ಹಣಕ್ಕೆ ಚೌಕಾಸಿ ಮಾಡಿ ಫಲವಿಲ್ಲ.

ಮೂರನೆಯದು ತೂಕ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಂತ್ರ ನಿಂತಿರುವಾಗ ಗೇಜು ಹಚ್ಚಿ, "80 ಪೌಂಡ್ ತೋರಿಸುತ್ತಿದೆ, ಗ್ಯಾಸು ಭರ್ತಿ ಇದೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಡುಗೆ ಮನೆಯ ಸಿಲಿಂಡರನ್ನು ನೆನಪಿಸಿಕೊಳ್ಳಿ. 14.2 ಕಿಲೋ ತುಂಬಿದಾಗಲೂ, ಒಂದೇ ಕಿಲೋ ಉಳಿದಾಗಲೂ ಒಲೆಯ ಉರಿ ಒಂದೇ. ಒಳಗೆ ಒಂದಿಷ್ಟು ದ್ರವ ಇರುವವರೆಗೆ ಒತ್ತಡ ಹವೆಯ ಶಾಖವನ್ನು ಅನುಸರಿಸುತ್ತದೆಯೇ ಹೊರತು ದ್ರವದ ಪ್ರಮಾಣವನ್ನಲ್ಲ. 25 ಡಿಗ್ರಿ ಹವೆಯಲ್ಲಿ ಆರ್-134ಎ ಗ್ಯಾಸಿನ ಒತ್ತಡ ಹೇಗೂ 80 ಪೌಂಡಿನ ಸುಮಾರು ಇರುತ್ತದೆ. ಯಂತ್ರ ನಡೆಯುವಾಗಿನ ಎರಡು ಗೇಜುಗಳು ರೋಗ ಹೇಳಲು ಉಪಯೋಗವಾಗುತ್ತವೆ, ಪ್ರಮಾಣ ಹೇಳಲು ಅಲ್ಲ. ಇರುವ ಗ್ಯಾಸನ್ನು ಪೂರ್ತಿ ತೆಗೆದು, ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಬರೆದಿರುವಷ್ಟು ಗ್ರಾಂ ತಕ್ಕಡಿಯಲ್ಲಿ ತೂಗಿ ತುಂಬುವುದೇ ಸರಿಯಾದ ಕ್ರಮ. ಸಣ್ಣ ಕಾರಿಗೆ ಸಾಮಾನ್ಯವಾಗಿ ಅರ್ಧ ಕಿಲೋದ ಒಳಗೇ ಸಾಕು. ಹಿಂದಿನ ಸೀಟಿಗೂ ಪ್ರತ್ಯೇಕ ಕಾಯಿಲಿರುವ ದೊಡ್ಡ ವಾಹನಕ್ಕೆ ಹೆಚ್ಚು ಬೇಕು. ಹೆಚ್ಚಾದರೂ ತಂಪು ಕೆಡುತ್ತದೆ. ತಕ್ಕಡಿ ಇಲ್ಲದ ಅಂಗಡಿಯಲ್ಲಿ ಕಾಫಿ ಮಾರುವವರು ನಮ್ಮಲ್ಲಿ ಯಾರಿದ್ದಾರೆ?

ಚೀಟಿಯಲ್ಲಿರುವ ಗ್ಯಾಸಿನ ಹೆಸರನ್ನೂ ನೋಡಿ. ಹಿಂದಿನ ಕಾಲದ ವಾಹನಗಳಲ್ಲಿ ಆರ್-12 ಎಂಬ ಗ್ಯಾಸು ಇತ್ತು. ಅದು ಆಕಾಶದ ಓಜೋನ್ ಪದರವನ್ನು ಕೆಡಿಸಬಹುದೆಂದು ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು 1974ರಲ್ಲಿ ತೋರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದದಂತೆ ಅದನ್ನು ಕೈಬಿಡಲಾಯಿತು. ಭಾರತ 1992ರಲ್ಲಿ ಒಪ್ಪಂದಕ್ಕೆ ಸೇರಿತು. ಆರ್-134ಎ ಓಜೋನಿಗೆ ತೊಂದರೆ ಕೊಡದಿದ್ದರೂ, ಭೂಮಿಯ ಬಿಸಿಯೇರಿಸುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮೀರಿದ್ದು. ಹೂಮಳೆ ಹೊತ್ತಿಗೆ ಸರಿಯಾಗಿ ಬರಲಿ ಎಂದು ಕಾಯುವ ನಾವು ಅದನ್ನು ಗಾಳಿಗೆ ಬಿಡಿಸುವುದು ಸರಿಯಲ್ಲ. ಕೆಲವು ಹೊಸ ವಾಹನಗಳಲ್ಲಿರುವುದು ಆರ್-1234ವೈಎಫ್. ಒಂದರ ಬದಲು ಒಂದನ್ನು ಹಾಕಬಾರದು, ಬೆರೆಸಲೂಬಾರದು. ಎಣ್ಣೆಯೂ ಆಯಾ ವಾಹನಕ್ಕೆ ಹೇಳಿದ್ದೇ ಆಗಬೇಕು. ಅಗ್ಗವೆಂದು ಅಡುಗೆ ಅನಿಲದ ಜಾತಿಯ ಗ್ಯಾಸು ತುಂಬಲು ಒಪ್ಪಬೇಡಿ. ಕಾಯಿಲ್ ತೂತಾದರೆ ಅದು ಸೇರುವುದು ನಾವು ಕುಳಿತಿರುವ ಜಾಗಕ್ಕೆ.

ಇನ್ನೊಂದು ಅಪಾಯಕಾರಿ ಉಪಾಯ "ಡೈರೆಕ್ಟ್" ಮಾಡುವುದು. ಗ್ಯಾಸು ತೀರ ಕಡಿಮೆಯಾದಾಗ ಕಂಪ್ರೆಸರ್ ತಿರುಗದಂತೆ ತಡೆಯುವ ಒಂದು ಸ್ವಿಚ್ಚು ಇರುತ್ತದೆ. ಅದು ಕೆಟ್ಟಿದೆಯೆಂದು ಹೇಳಿ ತಂತಿಯಿಂದ ನೇರ ಜೋಡಿಸಿದರೆ, ಎಣ್ಣೆಯಿಲ್ಲದ ಕಂಪ್ರೆಸರ್ ಸಕಲೇಶಪುರ ತಲುಪುವ ಮೊದಲೇ ಕೈಕೊಟ್ಟರೂ ಆಶ್ಚರ್ಯವಿಲ್ಲ. ಸೋರಿಕೆ ಮುಚ್ಚುವ ಅಂಟುದ್ರವಗಳನ್ನೂ ದೂರವಿಡುವುದು ಒಳಿತು. ಅವು ವಾಲ್ವಿನ ಕಂಡಿಯನ್ನೂ ಮುಚ್ಚಬಲ್ಲವು. ಮನೆಯಲ್ಲೇ ಗ್ಯಾಸಿನ ಡಬ್ಬಿ ತಂದು ತುಂಬುವ ಸಾಹಸವೂ ಬೇಡ. ದ್ರವರೂಪದ ಗ್ಯಾಸು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ, ಚರ್ಮ ಹಿಮದಿಂದ ಸುಟ್ಟಂತಾಗುತ್ತದೆ.

ಕೆಲಸ ಮುಗಿದ ಮೇಲೆ ಸಂಜೆಯ ತಂಪಿನಲ್ಲಿ ಪರೀಕ್ಷಿಸಿ ಹಣ ಕೊಡಬೇಡಿ. ಬೆಂಗಳೂರಿನ ಒಣ ಹವೆಯಲ್ಲಿ ಚೆನ್ನಾಗಿ ಕಂಡ ಎ.ಸಿ. ಪುತ್ತೂರಿನ ಮೇ ತಿಂಗಳಲ್ಲಿ ಸೋಲಬಹುದು. ಕರಾವಳಿಯ ಗಾಳಿಯಲ್ಲಿ ನೀರಿನಂಶ ಹೆಚ್ಚು; ಆ ನೀರನ್ನು ಹನಿಯಾಗಿಸುವುದರಲ್ಲೇ ಯಂತ್ರದ ಶಕ್ತಿ ಬಹುಪಾಲು ಖರ್ಚಾಗುತ್ತದೆ. ವಾಹನದಡಿ ನೀರು ತೊಟ್ಟಿಕ್ಕುವುದು ಕಂಡು ಗಾಬರಿಯಾಗಬೇಕಿಲ್ಲ, ಅದು ಒಳ್ಳೆಯ ಲಕ್ಷಣ. ಮಧ್ಯಾಹ್ನದ ಬಿಸಿಲಿನಲ್ಲಿ, ವಾಹನ ನಿಲ್ಲಿಸಿಯೇ ಎಂಜಿನ್ ಹತ್ತು ನಿಮಿಷ ನಡೆಸಿ, ನಡುವಿನ ಕಿಂಡಿಗೆ ಸಣ್ಣ ಥರ್ಮಾಮೀಟರ್ ಸಿಕ್ಕಿಸಿ ನೋಡಿ. ಹೊರಗೆ 33-34 ಡಿಗ್ರಿ ಇರುವಾಗ ಕಿಂಡಿಯ ಗಾಳಿ ಹತ್ತು ಹನ್ನೆರಡು ಡಿಗ್ರಿಗೆ ಇಳಿದರೆ ತೃಪ್ತಿಕರ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ತುಂಬಿದ ಗ್ಯಾಸಿನ ಹೆಸರು, ಗ್ರಾಂ ಲೆಕ್ಕ, ದಿನಾಂಕ ಮೂರನ್ನೂ ರಸೀದಿಯಲ್ಲಿ ಬರೆಸಿಕೊಂಡರೆ, ಮುಂದೆ ಸೋರಿಕೆ ಇದೆಯೋ ಇಲ್ಲವೋ ಎಂಬುದು ಅದರಿಂದಲೇ ತಿಳಿಯುತ್ತದೆ.

ಮಳೆಗಾಲದಲ್ಲಿ ಎ.ಸಿ.ಯನ್ನು ನಾಲ್ಕು ತಿಂಗಳು ಮುಟ್ಟದೆ ಬಿಡುವವರು ಅನೇಕರು. ಕಂಪ್ರೆಸರಿನ ದಂಡದ ರಬ್ಬರ್ ಸೀಲು ಎಣ್ಣೆಯ ಪಸೆ ಆರಿ ಒಣಗಿದರೆ ಅಲ್ಲಿಂದಲೇ ಗ್ಯಾಸು ಜಿನುಗತೊಡಗುತ್ತದೆ. ವಾರಕ್ಕೊಮ್ಮೆ ಹತ್ತು ನಿಮಿಷ ಹಾಕಿದರೆ ಸಾಕು. ಆಗುಂಬೆಯ ಮಂಜಿನಲ್ಲಿ ಗಾಜು ಮಸುಕಾದಾಗ ಹೀಟರಿನ ಜೊತೆಗೆ ಎ.ಸಿ.ಯನ್ನೂ ಹಾಕಿ ನೋಡಿ. ಒಣಗಿದ ಗಾಳಿ ತಾಗಿ ಗಾಜು ಬೇಗ ತಿಳಿಯಾಗುತ್ತದೆ, ಸೀಲಿಗೆ ಎಣ್ಣೆಯೂ ದೊರೆಯುತ್ತದೆ.